ಮೂರು ವಾರದ ರೆಸ್ಟು

ಚೆಲ್ಲಮ್ಮನ ಎದೆಯ ಕ್ಯಾನ್ಸರಿಗೆ ಚಿಕಿತ್ಸೆ ಮುಗಿದು ಹದಿನಾಲ್ಕು ತಿಂಗಳಾಗಿತ್ತು. ಗಡ್ಡೆ ಹೋಯಿತು, ಉದುರಿದ ಕೂದಲು ಮತ್ತೆ ಬಂತು, ಬೀದಿಯವರೆಲ್ಲ ಹಣ್ಣು ಕೊಟ್ಟು ಮಾತಾಡಿಸಿ ಹೋದರು. ಹೋಗದೆ ಉಳಿದದ್ದು ಸುಸ್ತು. ಎದ್ದರೆ ಮೈ ಗಂಜಿಯಲ್ಲಿ ಅದ್ದಿದ ನೂಲಿನ ಲಡಿಯ ಹಾಗೆ ಭಾರ. ಹಗಲೆಲ್ಲ ತೂಕಡಿಕೆ, ರಾತ್ರಿಯಾದರೆ ಕಣ್ಣಿಗೆ ಕಣ್ಣು ಹತ್ತುವುದಿಲ್ಲ.

ಸಲಹೆ ಕೊಡುವವರಿಗೇನು ಬರವೇ? ಹರೂರಿನಿಂದ ತಂಗಿ ಅಂಜಮ್ಮ ನಾಟಿ ಔಷಧಿ ಅಂಗಡಿಯ ಪುಡಿ ತಂದು, ಹಾಲಿಗೆ ಹಾಕಿ ಕುಡಿ ಎಂದಳು. ಶಂಕಗಿರಿಯ ಲಾರಿ ಆಫೀಸಿನಲ್ಲಿದ್ದ ಮೈದುನ ಅಂಗಾಲಿಗೆ ಎಣ್ಣೆ ತಿಕ್ಕುವ ವೀಡಿಯೊ ಕಳಿಸಿದ. ಗಂಡ ಪೊನ್ನುಸ್ವಾಮಿಯ ಬಳಿ ಇದ್ದದ್ದು ಒಂದೇ ಔಷಧಿ, ರೆಸ್ಟು. ಅವಳು ಚೊಂಬು ಎತ್ತಿದರೆ ಕಿತ್ತುಕೊಳ್ಳುತ್ತಿದ್ದ. ಅವಳು ಕಣ್ಣು ಮುಚ್ಚಿದರೆ ತನ್ನ ಮಗ್ಗ ನಿಲ್ಲಿಸಿ ತುದಿಗಾಲಲ್ಲಿ ಓಡಾಡುತ್ತಿದ್ದ. ಇಂಥ ಗಂಡನನ್ನು ಬೈಯುವುದಾದರೂ ಹೇಗೆ ಹೇಳಿ.

ಒಂದು ಸೋಮವಾರ ಅವನು ಉಬ್ಬಿಕೊಂಡು ಬಂದ. "ಶುಕ್ರವಾರ ಗಾರೆ ಪಳನಿ ಬತ್ತಾನೆ. ನಿನ್ ಮಗ್ಗದ ಗುಳಿ ಮುಚ್ಚಿಸಿಬಿಡಾನ. ಅಲ್ಲಿ ಮಂಚ ಆಕುದ್ರೆ ಗಾಳಿ ಚೆನ್ನಾಗ್ ಬತ್ತೈತೆ, ನಿಂಗೆ ರೆಸ್ಟಿಗೆ ಆಯ್ತೈತೆ."

ಅವರದು ನೆಲದ ಗುಳಿಯಲ್ಲಿ ಕಾಲಿಳಿಸಿ ಕೂತು ನೇಯುವ ಮಗ್ಗ. ಮೊದಲು ಮೂರು ಗುಳಿಗಳಿದ್ದವು. ಅತ್ತೆ ತೀರಿಕೊಂಡ ತಿಂಗಳು ಅವರದನ್ನು ಮುಚ್ಚಿದ್ದರು. ಆ ಸಿಮೆಂಟಿನ ತೇಪೆ ಇವತ್ತಿಗೂ ಗೋಡೆಯ ಬದಿಗೆ ಎದ್ದು ಕಾಣುತ್ತದೆ. ಅದರ ಪಕ್ಕಕ್ಕೆ ಈಗ ತನ್ನದು, ತಾನು ಉಸಿರಾಡುತ್ತಿರುವಾಗಲೇ! ಬೇಡ ಎನ್ನಲು ಬಾಯಿ ತೆರೆದಳು. ಮಗ್ಗದಲ್ಲಿ ಕೂರಲಾಗದವಳು ಯಾವ ಮುಖವಿಟ್ಟುಕೊಂಡು ಬೇಡ ಎನ್ನುವುದು? ಗೋಡೆಯ ಕಡೆ ತಿರುಗಿ ಮಲಗಿ ಸದ್ದಿಲ್ಲದೆ ಅತ್ತಳು.

ಗುರುವಾರ ಆಸ್ಪತ್ರೆಯಲ್ಲಿ ತಪಾಸಣೆ ಇತ್ತು. ಚಿಕಿತ್ಸೆ ಮುಗಿದವರನ್ನು ಕೂರಿಸಿ ಮಾತಾಡಿಸುವ ನರ್ಸ್ ಕಲೈಸೆಲ್ವಿ ಆ ಸೀಮೆಯ ಭಾಷೆಯಾದ ತಮಿಳಿನಲ್ಲಿ ನಿದ್ದೆ, ಊಟ, ಮನೆಗೆಲಸ ಎಲ್ಲ ವಿಚಾರಿಸಿದಳು.

"ಕೆಲಸವಾ? ಒಂದು ಲೋಟ ಎತ್ತೋಕೂ ಬಿಟ್ಟಿಲ್ಲ ನಾನು" ಎಂದ ಪೊನ್ನುಸ್ವಾಮಿ, ಹೆಮ್ಮೆಯಿಂದ.

"ಹಾಗೆ ಮಾಡಿ ಅಂತ ಯಾರು ಹೇಳಿದ್ದು?"

"ನೀವೇ."

ಜೇಬಿನಿಂದ ಒಂದು ಕಾಗದ ತೆಗೆದ. ಅವಳನ್ನು ಮನೆಗೆ ಕಳಿಸಿದ ದಿನ ಇಂಗ್ಲಿಷಿನಲ್ಲಿ ಬರೆದುಕೊಟ್ಟ ಚೀಟಿ. ಬೆವರಿಗೆ ಅಳಿಸಿಹೋಗಬಾರದೆಂದು ಲ್ಯಾಮಿನೇಷನ್ ಬೇರೆ ಮಾಡಿಸಿದ್ದ. ಅವನ ಇಂಗ್ಲಿಷು ಅಷ್ಟಕ್ಕಷ್ಟೆ, 'ರೆಸ್ಟ್' ಎಂಬ ಪದ ಹುಡುಕಿ ಅದರ ಮೇಲೆ ಬೆರಳಿಟ್ಟ.

ಕಲೈಸೆಲ್ವಿ ಆ ಬೆರಳನ್ನು ಮೆಲ್ಲಗೆ ಸರಿಸಿ ಮುಂದಿನದನ್ನು ಓದಿದಳು. ನಗಲಿಲ್ಲ. "ಅಯ್ಯಾ, ಮೂರು ವಾರ ಅಂತ ಬರೆದಿದೆ."

ಪೊನ್ನುಸ್ವಾಮಿ ಚೀಟಿಯ ಹಿಂಬದಿಯನ್ನೂ ತಿರುಗಿಸಿ ನೋಡಿದ. ಚೆಲ್ಲಮ್ಮನಿಗೆ ಸಿಟ್ಟು ಬರಬೇಕಿತ್ತು, ಬಂದದ್ದು ಕನಿಕರ.

"ಈ ಸುಸ್ತು ಸೋಮಾರಿತನ ಅಲ್ಲಮ್ಮಾ, ತುಂಬ ಜನಕ್ಕೆ ಹೀಗೇ ಉಳಿದುಬಿಡುತ್ತೆ" ಎಂದಳು ಕಲೈಸೆಲ್ವಿ. "ಆದರೆ ಮಲಗೇ ಇದ್ದರೆ ಇನ್ನೂ ಜಾಸ್ತಿಯಾಗುತ್ತೆ. ದಿನಾ ಹತ್ತು ನಿಮಿಷ ನಡೀರಿ, ಆಮೇಲೆ ನಿಧಾನಕ್ಕೆ ಹೆಚ್ಚಿಸಿ. ಹಗಲು ಅರ್ಧ ಗಂಟೆಗಿಂತ ಹೆಚ್ಚು ಮಲಗಬೇಡಿ. ಮಧ್ಯಾಹ್ನದ ಮೇಲೆ ಕಾಫಿ ಬೇಡ. ರಾತ್ರಿ ಹೇಗೇ ಕಳೆದಿರಲಿ, ಬೆಳಗ್ಗೆ ಒಂದೇ ಹೊತ್ತಿಗೆ ಏಳಿ." ಎಣ್ಣೆ ತಿಕ್ಕಿಕೊಳ್ಳುವುದಕ್ಕೆ ಅಡ್ಡಿಯಿಲ್ಲ ಎಂದಳು. ಹರೂರಿನ ಪುಡಿಯನ್ನು ಮಾತ್ರ ಡಾಕ್ಟರಿಗೆ ತೋರಿಸುವ ತನಕ ನಿಲ್ಲಿಸಲು ಹೇಳಿದಳು, ಅವಳು ಇನ್ನೂ ನುಂಗುತ್ತಿದ್ದ ದಿನದ ಮಾತ್ರೆಗೆ ಅದು ಒಗ್ಗದೆ ಹೋಗಬಹುದಂತೆ. ಪೊನ್ನುಸ್ವಾಮಿ ಇದನ್ನೂ ಬರೆದುಕೊಡಿ ಎಂದು ಹಟ ಹಿಡಿದ. ಈ ಸಲ ತಮಿಳಿನಲ್ಲಿ.

ಬಸ್ಸಿನಲ್ಲಿ ಚೆಲ್ಲಮ್ಮನಿಗೆ ಬೇರೆಯೇ ಚಿಂತೆ. "ಎಲ್ ನಡೀಲಿ? ಬೀದೀಲಿ ಸುಮ್ಕೆ ಕೈ ಬೀಸ್ಕೊಂಡು ಓಡಾಡುದ್ರೆ, ಏನ್ ಕಳ್ಕೊಂಡೆ ಅಂತಾರೆ."

ಪೊನ್ನುಸ್ವಾಮಿ ಮನೆ ಬರುವ ತನಕ ಯೋಚಿಸಿದ. "ಪಾವಡೀಗೆ ಓಗಾನ. ನಾಳೆ ನಮ್ ಬೀದಿ ಅಣ್ಣಾಮಲೈ ಮನೇದು ಪಾವು ಐತೆ."

ಪಾವು ಎಂದರೆ ಮಗ್ಗಕ್ಕೆ ಏರಿಸುವ ಉದ್ದೆಳೆ. ಅದನ್ನು ಹಾಸಿ ಗಂಜಿ ಹಚ್ಚುವ ಬಯಲೇ ಪಾವಡಿ. ಅಲ್ಲಿ ಬೆಳಗಿನ ಹೊತ್ತು ಎಷ್ಟು ಸಲ ನಡೆದರೂ ಯಾಕೆಂದು ಯಾರೂ ಕೇಳುವುದಿಲ್ಲ, ನಡೆಯುವುದೇ ಅಲ್ಲಿನ ಕೆಲಸ.

ಶುಕ್ರವಾರ ಬಿಸಿಲೇರುವ ಮುಂಚೆ ಚೆಲ್ಲಮ್ಮ ಪಾವಿನ ಪಕ್ಕದಲ್ಲಿ ನಡೆದಳು. ಕಡಿದ ಎಳೆ ಕಂಡಲ್ಲಿ ನಿಂತು ಹೊಸೆದು ಕೂಡಿಸಿದಳು. ಕಾಲು ನಡುಗುತ್ತಿತ್ತು, ಬೆರಳು ಮಾತ್ರ ಕೆಲಸ ಮರೆತಿರಲಿಲ್ಲ. ಹಿಂದೆಯೇ ಪೊನ್ನುಸ್ವಾಮಿ, ತಲೆಯ ಮೇಲೆ ಪ್ಲಾಸ್ಟಿಕ್ ಕುರ್ಚಿ ಹೊತ್ತುಕೊಂಡು. ಅವಳು ನಿಂತಲ್ಲೆಲ್ಲ ಇಳಿಸುವನು, ಹೊರಟರೆ ಮತ್ತೆ ಹೊರುವನು. ಪಾವಡಿಗೆ ಪಾವಡಿಯೇ ನಕ್ಕಿತು. ಚೆಲ್ಲಮ್ಮನೂ ನಕ್ಕಳು. ಒಂದು ಸಲ ಹೋಗಿ ಬರುವಷ್ಟರಲ್ಲಿ ಮೂರು ಸಲ ಕೂತಳು.

ಅಷ್ಟರಲ್ಲಿ ಪಳನಿ ಹುಡುಕಿಕೊಂಡು ಬಂದ. "ಅಣ್ಣಾ, ಮಣ್ಣು, ಸಿಮೆಂಟು ಇಳಿಸಿದ್ದೀನಿ. ಯಾವ ಗುಳಿ ಮುಚ್ಚೋದು?"

ಪೊನ್ನುಸ್ವಾಮಿ ಬಾಯಿ ತೆರೆಯುವ ಮೊದಲೇ ಚೆಲ್ಲಮ್ಮ ಕುರ್ಚಿಯಿಂದ ಎದ್ದಳು. "ಆ ಗುಳಿ ನಂದು. ನಾನಿನ್ನೂ ಇವ್ನಿ."

ಪೊನ್ನುಸ್ವಾಮಿಗೆ ಅಮ್ಮನ ಗುಳಿಯ ಮೇಲಿನ ತೇಪೆ ಆಗಷ್ಟೇ ನೆನಪಾಗಿರಬೇಕು, ಅವನ ಕಣ್ಣು ತುಂಬಿಬಂತು. ಹೆಗಲ ಟವಲಿನಿಂದ ಮುಖ ಒರೆಸಿಕೊಂಡು, "ಮಣ್ಣು ವಾಪಸ್ ತಗೊಂಡೋಗು ಪಳನಿ" ಎಂದ. "ಸಿಮೆಂಟು ಇರ್ಲಿ. ಅವಳು ಇಳಿಯಾಕೆ ಅತ್ತಾಕೆ ಗುಳಿಗೆ ಒಂದ್ ಮೆಟ್ಲು ಕಟ್ಕೊಡು."

ಮೆಟ್ಟಿಲು ಒಣಗಿದ ಮೇಲೆ ಅವಳು ದಿನಕ್ಕೆ ನಾಲ್ಕು ಬೆರಳಿನಷ್ಟು ನೇಯತೊಡಗಿದಳು. ಕೆಲವು ದಿನ ಅದೂ ಆಗಲಿಲ್ಲ. ಆದರೆ ಪಾವಡಿಗೆ ಹೋಗುವುದನ್ನು ಬಿಡಲಿಲ್ಲ.

ಮೂರು ವಾರ ಕಳೆದಿತ್ತು. ಎಲ್ಲೋ ದೂರದಿಂದ ಬಂದಂತೆ ಗಂಡನ ದನಿ ಕೇಳಿಸಿತು. "ಲೇ ಚೆಲ್ಲಮ್ಮಾ, ಏಳು. ಐದೂವರೆ ಆಯ್ತು, ಪಾವು ಆಸವ್ರೆ." ಪಕ್ಕದಲ್ಲಿ ಕಾಫಿ ಆರುತ್ತಿತ್ತು, ಅವನು ಆಗಲೇ ಎರಡು ಸಲ ಕರೆದಿದ್ದನಂತೆ. ಬೈದುಕೊಳ್ಳುತ್ತಾ ಮಗ್ಗುಲು ಬದಲಿಸಿದ ಚೆಲ್ಲಮ್ಮನಿಗೆ ಫಕ್ಕನೆ ಹೊಳೆಯಿತು: ಚಿಕಿತ್ಸೆ ಮುಗಿದಾಗಿನಿಂದ ಒಂದು ಬೆಳಗ್ಗೆಯೂ ಅವಳನ್ನು ಯಾರೂ ನಿದ್ದೆಯಿಂದ ಎಬ್ಬಿಸಬೇಕಾಗಿ ಬಂದಿರಲಿಲ್ಲ.