ಅಜ್ಜ ಹಚ್ಚುತ್ತಿದ್ದ ಮೇಣದಬತ್ತಿ

ಚರ್ಚಿನ ಹಳೆಯ ದೀಕ್ಷಾಸ್ನಾನದ ದಾಖಲೆ ಪುಸ್ತಕದಲ್ಲಿ ಆ ಹೆಸರಿನ ಪಕ್ಕ ಸಣ್ಣದೊಂದು ಶಿಲುಬೆಯ ಗುರುತಿತ್ತು. ಅದರ ಮುಂದೆ ಮಾಸಿದ ಅಕ್ಷರದಲ್ಲಿ, ಎರಡು ವರ್ಷದವನಿದ್ದಾಗ ತೀರಿಕೊಂಡನೆಂದು ಬರೆದಿತ್ತು.

ನೆಲಿಡಾ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಮಲಾಕಿ ಗ್ಯಾವಿಗನ್, ೧೮೮೬. ಅಪ್ಪ ಅಮ್ಮಂದಿರ ಹೆಸರು ಸರಿ, ಊರೂ ಸರಿ. ಐರ್ಲೆಂಡಿನ ವೆಸ್ಟ್‌ಮೀತ್‌ನ ಈ ಹಳ್ಳಿ ಬಿಟ್ಟು ಹಡಗು ಹತ್ತಿ, ಅರ್ಜೆಂಟೀನಾದಲ್ಲಿ ಕುದುರೆಯ ಜೀನು, ಲಗಾಮಿನ ಅಂಗಡಿ ಇಟ್ಟು, ಕೈ ನಡುಗುವವರೆಗೂ ಚರ್ಮ ಹೊಲಿದ ಅವಳ ಅಜ್ಜ ಎರಡನೇ ವಯಸ್ಸಿಗೇ ಸತ್ತಿದ್ದನಂತೆ.

ಅರ್ಜೆಂಟೀನಾದಿಂದ ಬಂದ ಅವಳಿಗೆ ಇಲ್ಲಿರಲು ಕೊಟ್ಟ ತೊಂಬತ್ತು ದಿನ ಸೋಮವಾರಕ್ಕೆ ಮುಗಿಯುತ್ತಿತ್ತು. ಅಜ್ಜ ಐರ್ಲೆಂಡಿನಲ್ಲಿ ಹುಟ್ಟಿದ್ದಕ್ಕೆ ಪುರಾವೆ ಸಿಕ್ಕರೆ ಪೌರತ್ವಕ್ಕೆ ಅರ್ಜಿ ಹಾಕಿ, ಉಳಿಯಲು ಕೇಳಿಕೊಳ್ಳಬಹುದು ಎಂದಿದ್ದರು ವಕೀಲರು. ಇಲ್ಲದಿದ್ದರೆ ಇಲ್ಲೇ ನೆಲೆಸಿರುವ, ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಾಡಿಸಿಕೊಂಡು ಬರುವ ಮಗಳು ಮಿರ್ತಾಳನ್ನು ನಾಲ್ಕು ವರ್ಷದ ಕೂಸಿನ ಜೊತೆ ಬಿಟ್ಟು ವಿಮಾನ ಹತ್ತಬೇಕು. "ಸಿಗದಿದ್ರೆ ಬಿಡಮ್ಮ, ಹೇಗೋ ನೋಡ್ಕೋತೀನಿ" ಅಂದಿದ್ದಳು ಮಿರ್ತಾ ಬೆಳಿಗ್ಗೆ. ಹಾಗೆನ್ನುತ್ತಾ ಕೂಸಿನ ಬೂಟು ಹಾಕಲು ಬಗ್ಗಿದವಳಿಗೆ ಮೇಲೇಳಲು ಗೋಡೆ ಹಿಡಿಯಬೇಕಾಯಿತು.

ಚರ್ಚಿನ ಕಚೇರಿ ನೋಡಿಕೊಳ್ಳುವ ಅಟ್ರಾಕ್ಟಾ ನೆಲಿಡಾಳದೇ ವಯಸ್ಸಿನವಳು. ಆ ಪುಸ್ತಕದ ಹೆಸರುಗಳನ್ನು ಟೈಪು ಮಾಡಿದ ಪಟ್ಟಿಯನ್ನು ಮೂರು ಸಲ ನೋಡಿದ್ದಳು. ಆ ಮನೆಯಲ್ಲಿ ಒಬ್ಬನೇ ಮಲಾಕಿ.

"ಹಾಗಾದ್ರೆ ನಾನು ಯಾರ ತೊಡೆ ಮೇಲೆ ಕೂತು ಬೆಳೆದೆ?" ನೆಲಿಡಾ ಕೇಳಿದಳು.

ಅಟ್ರಾಕ್ಟಾ ಚಹಾ ಬಗ್ಗಿಸಿದಳು. ಬೇರೇನೂ ತೋಚದೆ, ಮೇಜಿನ ಮೇಲಿದ್ದ ಚೀಟಿಗಳಲ್ಲಿ ಒಂದನ್ನು ಮುಂದೆ ತಳ್ಳಿದಳು. ನಾಳೆ ಸತ್ತವರ ದಿನ. ಊರಿನವರೆಲ್ಲ ತಮ್ಮ ಮನೆಯಲ್ಲಿ ತೀರಿಕೊಂಡವರ ಹೆಸರು ಬರೆದು ಪೂಜೆಗೆ ಕೊಟ್ಟಿದ್ದರು. "ಅಜ್ಜನ ಹೆಸರು ಬರಿಯಮ್ಮ. ಕಾಗದ ಸಿಗದಿದ್ರೂ ಪ್ರಾರ್ಥನೆಯಾದ್ರೂ ಸಿಗ್ಲಿ."

ನೆಲಿಡಾ ಮಲಾಕಿ ಎಂದು ಬರೆದಳು. ಪೆನ್ನು ನಿಂತಿತು.

"ನಮ್ಮಜ್ಜನೂ ಇದನ್ನೇ ಮಾಡ್ತಿದ್ದ," ಅಂದಳು. ಪ್ರತಿ ವರ್ಷ ಸತ್ತವರ ದಿನ ಅಂಗಡಿ ಬೇಗ ಮುಚ್ಚಿ, ಮಲಾಕಿಗೆ ಎಂದು ಒಂದು ಬತ್ತಿ ಹಚ್ಚುತ್ತಿದ್ದ. ಅಜ್ಜ, ನೀನಿನ್ನೂ ಸತ್ತಿಲ್ಲವಲ್ಲ ಎಂದು ಮಕ್ಕಳೆಲ್ಲ ಅಣಕಿಸುತ್ತಿದ್ದರು. "ಅವನಿಗೂ ಯಾರಾದ್ರೂ ಬೇಕಲ್ಲ" ಅನ್ನುತ್ತಿದ್ದ. ಮುದುಕನಿಗೆ ಅರಳುಮರಳು ಅಂದುಕೊಂಡಿದ್ದರು ಮನೆಯವರು.

ಅಟ್ರಾಕ್ಟಾಳ ಕೈಯಲ್ಲಿದ್ದ ಕಪ್ಪು ಅಲ್ಲೇ ನಿಂತಿತು.

"ಅಯ್ಯೋ, ನನ್ನ ಬುದ್ಧಿಗಿಷ್ಟು," ಅಂದಳು. "ಆ ಮಕ್ಕಳ ತಾತನ ಹೆಸರಿರ್ಬೇಕು ಕಣಮ್ಮ ಅದು, ಸಾಯಕ್ಕೆ ಬಿಡ್ತಾರಾ? ಮಗು ಹೋದ್ರೆ ಮುಂದೆ ಹುಟ್ಟಿದ್ದಕ್ಕೆ ಅದೇ ಹೆಸರು ಇಡೋರು. ನಮ್ಮತ್ತೇನೂ ಹಾಗೇ ಎರಡನೇ ಬ್ರಿಜಿಡ್. ಪಟ್ಟಿ ಮಾಡಿದೋರು, ಒಂದೇ ಹೆಸರು ಎರಡು ಸಲ ಬಂದಿದೆ ಅಂತ ಒಂದನ್ನ ತೆಗೆದುಹಾಕಿರ್ತಾರೆ."

ಮುಚ್ಚುವ ಹೊತ್ತು ದಾಟಿತ್ತು. ಅಟ್ರಾಕ್ಟಾ ಬಾಗಿಲ ಕಡೆ ನೋಡಲೇ ಇಲ್ಲ. ಇಬ್ಬರೂ ಪುಸ್ತಕದ ಪ್ರತಿ ಪುಟದಲ್ಲೂ ಬೆರಳಿಟ್ಟು ಕೆಳಗಿಳಿಯುತ್ತಾ ಹುಡುಕಿದರು. ೧೮೮೮ರ ಮೊದಲ ಪುಟಗಳಲ್ಲಿ ಇಲ್ಲ. ಆ ವರ್ಷದ ಕೊನೆಯ ಪುಟಗಳು ನೀರು ಕುಡಿದು ಒಂದಕ್ಕೊಂದು ಅಂಟಿದ್ದವು. ಅಲ್ಲೇ ಇದ್ದುಬಿಟ್ಟರೆ? ನೆಲಿಡಾ ಮುಂದಿನ ಪುಟ ತಿರುವಿದಳು.

೧೮೮೯, ಮಾರ್ಚ್. ಮಲಾಕಿ. ಅದೇ ಅಪ್ಪ, ಅದೇ ಅಮ್ಮ. ಪಕ್ಕದಲ್ಲಿ ಯಾವ ಗುರುತೂ ಇರಲಿಲ್ಲ.

ದಾಖಲೆಯ ಪ್ರತಿಗೆ ಒತ್ತಲು ಅಟ್ರಾಕ್ಟಾ ಮುದ್ರೆ ಹುಡುಕತೊಡಗಿದಳು. ಮಿರ್ತಾಳಿಗೆ ತಿಳಿಸಲು ನೆಲಿಡಾ ಫೋನು ತೆಗೆದಳು. ಮೊದಲು ಇದಾಗಲಿ ಎಂದು ಫೋನು ಕೆಳಗಿಟ್ಟು ಚೀಟಿ ಎಳೆದುಕೊಂಡಳು. ಬರೆದಿದ್ದ ಹೆಸರಿನ ಕೆಳಗೆ ಇನ್ನೊಮ್ಮೆ ಮಲಾಕಿ ಎಂದು ಬರೆದಳು.