ಹಳಿ ಬಿಡದ ಗೂಡ್ಸ್ ಡಬ್ಬಿ

ನಾನೊಂದು ಗೂಡ್ಸ್ ಡಬ್ಬಿ. ನಿಜವಾದ ರೈಲಿನದಲ್ಲ, ಅಂಗೈಯಲ್ಲಿ ಹಿಡಿಯುವಂಥ ಪುಟ್ಟ ರೈಲಿನದು. ಅಚ್ಚಿಗೆ ಕಾದ ಪ್ಲಾಸ್ಟಿಕ್ ಸುರಿದು ನನ್ನನ್ನು ಮಾಡಿದರು. ಕಂದು ಬಣ್ಣ, ಸರಿಯುವ ಬಾಗಿಲು, ತೆಗೆದಿಡಬಹುದಾದ ಚಾವಣಿ. ರೂಪಕ್ಕೇನೂ ಕಡಿಮೆ ಇರಲಿಲ್ಲ. ತೂಕ ಮಾತ್ರ ಇರಲಿಲ್ಲ. ಉಫ್ ಎಂದು ಊದಿದರೆ ಉರುಳುವ ದೇಹ.

ನನ್ನನ್ನು ಕೊಂಡವರು ಹುಬ್ಬಳ್ಳಿಯ ಫಕ್ಕೀರಪ್ಪನವರು, ಗೂಡ್ಸ್ ಗಾಡಿಯ ಗಾರ್ಡ್ ಆಗಿ ನಿವೃತ್ತರಾದವರು. ಪ್ರತಿ ಚೌತಿಗೂ ಅವರ ಮನೆಯ ಗಣಪತಿಯ ಸುತ್ತ ಪುಟ್ಟ ರೈಲು ಓಡಬೇಕು, ಓಣಿಯವರೆಲ್ಲ ನೋಡಲು ಬರಬೇಕು. ಹಬ್ಬದ ಹಿಂದಿನ ದಿನ ನನ್ನನ್ನು ಎಂಜಿನ್ನಿನ ಬೆನ್ನಿಗೇ ಸಿಕ್ಕಿಸಿದರು. ಎಷ್ಟು ಬೀಗಿದೆನೋ! ಮೊದಲ ತಿರುವಿನಲ್ಲೇ ಹಿಂದಿನ ಭಾರದ ಡಬ್ಬಿಗಳು ಜಗ್ಗಿದ ರಭಸಕ್ಕೆ ಹಳಿ ತಪ್ಪಿ ಬಿದ್ದೆ.

"ಖಾಲಿ ಗಾಡಿ ಅಲ್ಲೇನು? ಲೋಡ್ ಹಾಕಿದ್ರ ಸರಿ ಹೋಗ್ತೈತಿ," ಎಂದರು ಫಕ್ಕೀರಪ್ಪನವರು. ಜೀವಮಾನವೆಲ್ಲ ಧಾನ್ಯದ ಗಾಡಿಗಳ ಹಿಂದೆ ಓಡಾಡಿದವರು, ಅವರಿಗೆ ಇನ್ನೇನು ಹೊಳೆದೀತು? ಅಡುಗೆಮನೆಯ ಜೋಳ ತಂದು ನನ್ನೊಳಗೆ ಸುರಿದರು. ತಿರುವಿನಲ್ಲಿ ಜೋಳವೆಲ್ಲ ಒಂದೇ ಬದಿಗೆ ಸರಿಯಿತು. ಈ ಸಲ ಮಗುಚಿಕೊಂಡೇ ಬಿದ್ದೆ. ಗಣಪತಿಯ ಮಂಟಪದ ತುಂಬ ಜೋಳ.

"ನಾಳೆ ಮಂದಿ ಮುಂದ ಹಿಂಗಾದ್ರ ಗಾರ್ಡನ ಮಾನ ಏನ್ ಉಳೀತೈತಿ? ಇದನ್ನ ತೆಗೆದಬಿಡೂದ ಚಲೋ."

ನನಗೆ ಬೇಕಾಗಿದ್ದುದು ಆ ಸಾಲಿನಲ್ಲಿ ಒಂದು ಜಾಗ, ಅಷ್ಟೇ.

ಜೋಳ ಬಳಿಯುತ್ತಿದ್ದ ಅವರ ಹೆಂಡತಿ ನೀಲವ್ವ ತಲೆಯೆತ್ತಿದರು. "ಹೊಸಾದು, ಪಾಪ. ಭಾರ ತಳಕ್ಕ ಇರ್ಲಿ, ಅಲ್ಲಾಡದಂಗ ಅಂಟಸ್ರಿ."

ಇಬ್ಬರೂ ಕನ್ನಡಕ ಏರಿಸಿ ಕುಳಿತರು. ಹಳೆಯ ಕಬ್ಬಿಣದ ನಟ್ಟುಗಳನ್ನು ನನ್ನ ತಳಕ್ಕೆ, ಹಿಂದೂ ಮುಂದೂ ಸಮವಾಗಿ ಅಂಟಿಸಿದರು. ಉತ್ಸಾಹದಲ್ಲಿ ಭಾರ ಅತಿಯಾಗಿ ಎಂಜಿನ್ ಏದುಸಿರುಬಿಟ್ಟಿತು. ಒಂದೆರಡು ಕಿತ್ತರು. ಉಳಿದ ಡಬ್ಬಿಗಳಷ್ಟೇ ಭಾರ ಬಂದಾಗ ಗಾಲಿಗಳು ಹಳಿಯನ್ನು ಗಟ್ಟಿಯಾಗಿ ಹಿಡಿದವು.

ಹಬ್ಬದ ದಿನ ಮನೆ ತುಂಬ ಜನ. ತಿರುವು ಬಂತು. ಆರತಿ ತಟ್ಟೆ ಹಿಡಿದ ನೀಲವ್ವ ದೇವರನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು. ನಾನು ದಾಟಿದೆ! ಹಿಂದಿನವೂ ದಾಟಿದವು. ಫಕ್ಕೀರಪ್ಪನವರ ಕೈ ತಾನಾಗಿಯೇ ಮೇಲೆದ್ದು, ಇಲ್ಲದ ಹಸಿರು ಬಾವುಟವನ್ನು ಬೀಸಿತು. ಆ ಗಳಿಗೆಯ ಸುಖವನ್ನು ಹೇಗೆ ಹೇಳಲಿ!

ಎಷ್ಟೋ ಚೌತಿಗಳಲ್ಲಿ ಓಡಿದೆ. ಈಗ ಅಚ್ಚು ಸವೆದು ಗಾಲಿ ತಿರುಗುವುದಿಲ್ಲ. ಜಗಲಿಯ ಮೇಜಿನ ಮೇಲಿರುವ ಫಕ್ಕೀರಪ್ಪನವರ ಪೇಪರಿನ ಮೇಲೆ ಕೂತಿರುತ್ತೇನೆ. ಫ್ಯಾನು ಎಷ್ಟೇ ಜೋರಾಗಿ ತಿರುಗಲಿ, ಹಾಳೆ ಹಾರುವುದಿಲ್ಲ. ಬಂದವರು ಎತ್ತಿ ನೋಡಿ, "ಇಷ್ಟ ಸಣ್ಣದು, ಏನ್ ಭಾರ ಐತ್ರಿ!" ಎನ್ನುತ್ತಾರೆ.

"ನಮ್ಮಾಕಿ ಹೊರಿಸಿದ್ದು," ಎಂದು ಅವರು ನಗುತ್ತಾರೆ. ಒಳಗಿನಿಂದ ನೀಲವ್ವನ ನಗುವೂ ಕೇಳಿಸುತ್ತದೆ.