ಬಿಸಿ ಹಾಸಿಗೆ

"ಏಳೇ ಹಾಳಾದೋಳೇ, ಏಳು! ಮಂಚ ಏನು ನಿಮ್ಮಪ್ಪನ ಮನೆಯಿಂದ ಹೊತ್ಕೊಂಡು ಬಂದಿದ್ಯಾ?"

ವಾರ್ಡನ್ನಮ್ಮ ಮಂಚದ ಕಾಲಿಗೆ ಒದ್ದಳು. ಕಬ್ಬಿಣದ ಮಂಚ ಕಿರ್ರೆಂದು ಸರಿದು ಗೋಡೆಗೆ ಬಡಿಯಿತು. ಮೇಲೆ ಮುದುಡಿ ಮಲಗಿದ್ದವಳು ಮಿಸುಕಾಡಲಿಲ್ಲ. ವಾರ್ಡನ್ನಮ್ಮ ಹೊದಿಕೆಯ ತುದಿ ಹಿಡಿದು ಎಳೆದಳು. ಒಳಗಿದ್ದವಳು ಇನ್ನೊಂದು ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದಳು, ಬಿಡಲಿಲ್ಲ.

"ನೋಡಿ ನೋಡಿ, ನಾಯಿ ಹಂಗೆ ಕಚ್ಕೊಂಡವ್ಳೆ! ಎಲ್ಲಿಂದ ಹಿಡ್ಕೊಂಡು ಬರ್ತಾನಪ್ಪಾ ಆ ಮೇಸ್ತ್ರಿ ಇಂಥ ದರಿದ್ರಗಳ್ನ!"

ನಾದಿನಿ ಆಗಷ್ಟೇ ರಾತ್ರಿ ಪಾಳಿ ಮುಗಿಸಿ ಬಂದು ಬಾಗಿಲಲ್ಲಿ ನಿಂತಿದ್ದಳು. ಕಾಲಲ್ಲಿ ಗಂಬೂಟು ಇನ್ನೂ ಇತ್ತು. ಮಂಚದ ಮೇಲಿದ್ದವಳು ಅವಳ ಅತ್ತಿಗೆ, ಸ್ವಂತ ಅಣ್ಣನ ಹೆಂಡತಿ. ಈ ಹೊತ್ತಿಗೆ ಅತ್ತಿಗೆ ಹಗಲು ಪಾಳಿಗೆ ಹೋಗಿರಬೇಕಿತ್ತು. ಫ್ಯಾಕ್ಟರಿ ಗೇಟಿನಲ್ಲಿ ದಿನಾ ಎದುರಾಗುವವಳು ಇವತ್ತು ಎದುರಾಗಲಿಲ್ಲವಲ್ಲ ಎಂದು ನಾದಿನಿ ಬಿರುಬಿರನೆ ನಡೆದು ಬಂದಿದ್ದಳು. ಅವಳು ಓಡಿ ಬಂದು ವಾರ್ಡನ್ನಮ್ಮನಿಗೂ ಮಂಚಕ್ಕೂ ನಡುವೆ ನುಗ್ಗಿದಳು. ರಾತ್ರಿಯೆಲ್ಲ ಐಸಿನಲ್ಲಿ ಮೀನು ಹಿಡಿದು ಮರಗಟ್ಟಿದ ಕೈಯನ್ನು ಅತ್ತಿಗೆಯ ಹಣೆಯ ಮೇಲಿಟ್ಟಳು. ಅಂಗೈ ಚುರ್ರೆಂದಿತು.

"ಅಯ್ಯೋ ನನ್ನ ಕರ್ಮವೇ," ಎಂದಳು.

ಅವಳಿಗೆ ಆ ಬಿಸಿ ಹೊಸದಲ್ಲ. ಎಷ್ಟು ದಿನದಿಂದಲೋ ಅದೇ ಬಿಸಿಯ ಮೇಲೆ ಮಲಗಿ ಹಾಯಾಗಿ ನಿದ್ದೆ ಹೊಡೆದಿದ್ದಳು.

ಊರಲ್ಲಿ ಈ ಅತ್ತಿಗೆ ನಾದಿನಿಯರದು ಎಣ್ಣೆ ಸೀಗೆಕಾಯಿ ಸಂಬಂಧ. ಇಬ್ಬರೂ ಒಂದೇ ಒಲೆಯ ಮುಂದೆ ನಿಂತರೆ ಪಾತ್ರೆಗಳೇ ಮಾತಾಡುತ್ತಿದ್ದವು. ಚಾಪೆ ಹಾಸುವ ಜಾಗಕ್ಕೂ ಜಗಳ, ಬಾಚಣಿಗೆಗೂ ಜಗಳ. ಅಣ್ಣ ಕಟ್ಟಡದ ಕೆಲಸದಲ್ಲಿ ಬಿದ್ದು ಬೆನ್ನು ಮುರಿದುಕೊಂಡು ಮೂಲೆ ಹಿಡಿದ. ಅದಾದ ಮೇಲೆ ಮೇಸ್ತ್ರಿ ಬೈಕಿನಲ್ಲಿ ಬಂದು ಬಾಗಿಲ ಮುಂದೆ ನಿಂತ. "ಸೀಸನ್ ಮುಗಿಯೋ ತನಕ ಅಷ್ಟೇ ತಂಗೀ. ಮೀನಿನ ಫ್ಯಾಕ್ಟರಿ, ಹಾಸ್ಟೆಲು, ಮಂಚ, ಎಲ್ಲಾ ಕಂಪನೀದೇ. ಜೋಡಿಯಾಗಿ ಬನ್ನಿ, ಒಬ್ಬರಿಗೊಬ್ಬರು ಆಸರೆ ಇರ್ತೀರ," ಎಂದ. ಅವನ ಬಾಯಲ್ಲಿ ಬೆರಳಿಟ್ಟರೂ ಕಚ್ಚುತ್ತಿರಲಿಲ್ಲ, ಅಂಥ ಸಜ್ಜನ.

ಜೋಡಿ ಎಂದರೆ ಏನೆಂದು ಈ ಶಹರಕ್ಕೆ ಬಂದ ಮೇಲೆ ತಿಳಿಯಿತು. ಒಬ್ಬಳು ಹಗಲಿಗೆ, ಒಬ್ಬಳು ರಾತ್ರಿಗೆ, ಇಬ್ಬರಿಗೂ ಸೇರಿ ಒಂದು ಮಂಚ. ಒಬ್ಬಳು ಎದ್ದುಹೋದ ಗುಂಡಿಯಲ್ಲೇ ಇನ್ನೊಬ್ಬಳು ಬಂದು ಮಲಗಬೇಕು. ಹಾಸ್ಟೆಲಿನ ತುಂಬ ಹೀಗೆಯೇ ಜೋಡಿಗಳು, ಅಕ್ಕತಂಗಿಯರು, ತಾಯಿ ಮಗಳಂದಿರು. ದಣಿದ ಮನುಷ್ಯರು ಮಲಗುತ್ತಿದ್ದರು, ಮಂಚಕ್ಕೆ ಮಾತ್ರ ಒಂದು ಗಳಿಗೆ ಬಿಡುವಿರಲಿಲ್ಲ.

ಶಹರ ಎಂದು ಅವರು ನೋಡಿದ್ದು ಹಾಸ್ಟೆಲಿನಿಂದ ಗೇಟಿನವರೆಗಿನ ಬೀದಿಯನ್ನು. ಒಂದು ಬದಿಗೆ ಉದ್ದಾನುದ್ದ ಗೋಡೆ, ಇನ್ನೊಂದು ಬದಿಗೆ ಮೋರಿ, ನಡುವೆ ಒಂದು ಅಂಗಡಿ. ಅಂಗಡಿಯವನು ಮೂಗಿಗೆ ಬಟ್ಟೆ ಹಿಡಿದು, "ಅಲ್ಲೇ ನಿಂತ್ಕೊಂಡು ಹೇಳು, ಒಳಗೆ ಬಂದ್ರೆ ನಿನ್ನ ನಾತಕ್ಕೆ ನನ್ನ ಗಿರಾಕಿಗಳೆಲ್ಲಾ ಓಡಿಹೋಗ್ತಾರೆ," ಎನ್ನುತ್ತಿದ್ದ. ನಾದಿನಿ ಬೀದಿಯಲ್ಲೇ ನಿಂತು ಸೋಪು ಕೇಳುತ್ತಿದ್ದಳು. ಎಷ್ಟು ತಿಕ್ಕಿದರೂ ಮೀನಿನ ವಾಸನೆ ಹೋಗುತ್ತಿರಲಿಲ್ಲ.

ಅತ್ತಿಗೆಯನ್ನು ನೋಡುತ್ತಿದ್ದುದು ಗೇಟಿನಲ್ಲಿ ಮಾತ್ರ. ಇವಳು ಹೊರಗೆ ಬರುವಾಗ ಅವಳು ಒಳಗೆ. ಇಬ್ಬರಿಗೂ ಟೋಪಿ, ಮಾಸ್ಕು. ಕಾಣುವುದು ಎರಡು ಕಣ್ಣು.

"ತಿಂದ್ಯೇನೇ?"

"ತಿಂದೆ. ನೀನು?"

"ಹೂಂ. ನಡಿ ನಡಿ, ಅವನು ಬೈತಾನೆ."

ಅಷ್ಟರಲ್ಲಿ ಗೇಟಿನವನು ಕೋಲು ಕುಟ್ಟುತ್ತಿದ್ದ. ಊರಲ್ಲಿ ಮುಖ ಕಂಡರೆ ಆಗದಿದ್ದವರು ಇಲ್ಲಿ ಮುಖ ಕಾಣಲು ಹಂಬಲಿಸುವಂತಾಯಿತು. ದಿಂಬಿನ ಮೇಲೆ ಉದ್ದ ಕೂದಲೊಂದು ಸಿಕ್ಕಿದರೆ ನಾದಿನಿ ಅದನ್ನು ಬೆರಳಿಗೆ ಸುತ್ತಿಕೊಂಡು ಮಲಗುತ್ತಿದ್ದಳು.

ಆಮೇಲೆ ಹಾಸಿಗೆ ಬಿಸಿಯಾಗತೊಡಗಿತು. ರಾತ್ರಿಯಿಡೀ ಐಸಿನ ನೀರಲ್ಲಿ ನಿಂತು ಮೂಳೆಯೊಳಗೆ ಚಳಿ ಹೊತ್ತು ಬಂದವಳಿಗೆ ಆ ಹಾಸಿಗೆ ಸ್ವರ್ಗ. ದಿನದಿಂದ ದಿನಕ್ಕೆ ಇನ್ನೂ ಬಿಸಿ. ಕೈಕಾಲನ್ನು ಅತ್ತಿಗೆಯ ಗುಂಡಿಯೊಳಗೆ ತುರುಕಿಕೊಂಡು, ಪಾಪ, ಈ ಅತ್ತಿಗೆ ಎಷ್ಟು ಒಳ್ಳೆಯವಳು ಎಂದುಕೊಂಡು ಕಣ್ಣು ಮುಚ್ಚುತ್ತಿದ್ದಳು. ಮೊನ್ನೆ ಗೇಟಿನಲ್ಲಿ ಚೇಷ್ಟೆಯನ್ನೂ ಮಾಡಿದ್ದಳು.

"ಏನತ್ತಿಗೇ, ಹಾಸಿಗೇನ ಒಲೆ ಮಾಡಿಟ್ಟಿದ್ದೀಯಲ್ಲ!"

ಅತ್ತಿಗೆಯ ಕಣ್ಣು ಕೆಂಪಗಿತ್ತು. ಆದರೂ ನಕ್ಕಿತು. "ನಿಂಗೇ ಅಂತ ಕಾಯ್ಸಿಟ್ಟಿದ್ದು ಕಣೇ. ಹೋಗಿ ಮಲ್ಕೋ."

ಈಗ ನಾದಿನಿಗೆ ತನ್ನ ಮೈಯ ಮೇಲೆ ತನಗೇ ಅಸಹ್ಯ ಬಂತು. ಬೆಂಕಿ ಬಿದ್ದ ಮನೆಯ ಮುಂದೆ ಕೂತು ಕೈ ಕಾಯಿಸಿಕೊಂಡಿದ್ದಳಲ್ಲ ಇಷ್ಟು ದಿನ!

"ಅಮ್ಮಾ, ಇವಳಿಗೆ ಜ್ವರ. ಮಲಗಿರ್ಲಿ. ನಾನು ಕೆಳಗೆ ಕೂತಿರ್ತೀನಿ."

"ಕೆಳಗೆ ಕೂರೋದು, ಮೇಲೆ ಮಲಗೋದು, ಇದೇನು ಛತ್ರಾನಾ? ಮಂಚ ಪಾಳಿಗೆ ಕೊಟ್ಟಿರೋದು, ಮನುಷ್ಯರಿಗಲ್ಲ. ಈಗ ನಿನ್ನ ಪಾಳಿ, ನೀನು ಮಲಗು. ಅವಳು ಕೆಲಸಕ್ಕಾದ್ರೂ ಹೋಗ್ಲಿ, ಬೀದಿಗಾದ್ರೂ ಹೋಗ್ಲಿ."

ಮೇಸ್ತ್ರಿಗೆ ಹೇಳಿಕಳಿಸಿದರು. ಅವನು ಬಂದು ಮಂಚದ ಹತ್ತಿರಕ್ಕೂ ಬರದೆ ಬಾಗಿಲಲ್ಲೇ ನಿಂತು ತಲೆ ಅಲ್ಲಾಡಿಸಿದ.

"ಛೆ ಛೆ, ಹಿಂಗಾಗಬಾರದಿತ್ತು ತಂಗೀ. ಆದ್ರೆ ನೀನೇ ಹೇಳು, ಲೈನಲ್ಲಿ ಇವಳ ಜಾಗ ಖಾಲಿ ಬಿಟ್ರೆ ಕಂಪನಿಯೋರು ನನ್ನ ಸುಮ್ನೆ ಬಿಡ್ತಾರಾ? ಜೋಡಿಲಿ ಒಬ್ರು ಬಿದ್ರೆ ಇಬ್ರೂ ಊರಿಗೆ. ಬರಿಗೈಲಿ."

"ಇವಳ ಪಾಳೀನೂ ನಾನೇ ಮಾಡ್ತೀನಿ," ಎಂದಳು ನಾದಿನಿ. "ಈಗಲೇ ಹೋಗ್ತೀನಿ. ಇವಳು ಇಲ್ಲೇ ಮಲಗಿರ್ಬೇಕು. ಡಾಕ್ಟರ್ ಕರ್ಕೊಂಡು ಬರ್ಬೇಕು."

ಮೇಸ್ತ್ರಿಯ ಮುಖ ಅರಳಿತು. "ಸಾಯಂಕಾಲದೊಳಗೆ ಡಾಕ್ಟರ್ ಇಲ್ಲಿರ್ತಾರೆ. ನಾನು ಮಾತು ಕೊಟ್ರೆ ಮುಗೀತು."

ನಾದಿನಿ ಎದ್ದಾಗ ಅತ್ತಿಗೆ ಅವಳ ಮುಂಗೈ ಹಿಡಿದುಕೊಂಡಳು. "ನಿನ್ನ ಕೈ ತಣ್ಣಗಿದೆ ಕಣೇ. ಹಣೆ ಮೇಲೆ ಇಡು. ಇನ್ನೊಂಚೂರು ಹೊತ್ತು." ನಾದಿನಿ ಇಟ್ಟಳು. ಗೇಟು ಮುಚ್ಚುವ ಹೊತ್ತಾಗಿತ್ತು. ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಓಡಿದಳು.

ಹಗಲಿನ ಲೈನಿನಲ್ಲಿ ಅತ್ತಿಗೆ ನಿಲ್ಲುತ್ತಿದ್ದ ಜಾಗದಲ್ಲೇ ನಿಂತಳು. ಬೆಲ್ಟಿನ ಮೇಲೆ ಮೀನು ಬರುತ್ತಲೇ ಇತ್ತು. ತಲೆ ತೆಗೆ, ಹೊಟ್ಟೆ ಸೀಳು, ಐಸಿಗೆ ಹಾಕು. ಪಕ್ಕದವಳು ಮಾಸ್ಕಿನೊಳಗಿಂದಲೇ ಪಿಸುಗುಟ್ಟಿದಳು.

"ನೀನು ಅವಳ ನಾದಿನಿ ಅಲ್ವಾ? ನಿನ್ನೆ ನಿಂತಲ್ಲೇ ಗಡಗಡ ನಡುಗ್ತಿದ್ಲು ಪಾಪ. ಜ್ವರ ಇದೆ, ಬೇರೆ ಕೆಲಸ ಕೊಡಿ ಸಾರ್ ಅಂದ್ಲು. ಸೂಪರ್‌ವೈಸರ್ ಐಸ್ ಕೋಣೆಗೆ ಹಾಕ್ದ. ಮೈ ಬಿಸಿ ಇದ್ಯಂತೆ, ಅಲ್ಲಿ ತಣ್ಣಗಾಗ್ಲಿ ಬಿಡು ಅಂತ ನಕ್ಕ. ಎಲ್ಲಾರೂ ನಕ್ವಿ."

"ನೀನೂನಾ?"

ಪಕ್ಕದವಳು ತಲೆ ತಗ್ಗಿಸಿ ಮೀನಿನ ಹೊಟ್ಟೆ ಸೀಳಿದಳು.

ಮಧ್ಯಾಹ್ನದ ಹೊತ್ತಿಗೆ ನಾದಿನಿಯ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಚಾಕು ಬೆರಳಿಗೆ ಹೋದದ್ದೇ ತಿಳಿಯಲಿಲ್ಲ, ಬೆರಳಿಗೆ ಜೀವ ಇದ್ದರೆ ತಾನೇ? ಸೂಪರ್‌ವೈಸರ್ ಕಂಡು ಓಡಿ ಬಂದ.

"ಏಯ್, ರಕ್ತ! ರಕ್ತ! ಮೀನು ಕೆಟ್ಟುಹೋಗುತ್ತೆ ಕಣೇ ಗೂಬೆ!" ಎಂದು ಇವಳ ಮುಂದಿದ್ದ ಮೀನನ್ನೆಲ್ಲ ಜೋಪಾನವಾಗಿ ಆಚೆ ಸರಿಸಿದ. ಬೆರಳಿಗೆ ಸುತ್ತಿಕೊಳ್ಳಲು ಪ್ಲಾಸ್ಟಿಕ್ ಚೀಲದ ಚೂರೊಂದನ್ನು ಎಸೆದ. ನಾದಿನಿ ಸುತ್ತಿಕೊಂಡಳು. ಸಾಯಂಕಾಲ ಡಾಕ್ಟರ್ ಬರುತ್ತಾರೆ, ಸಾಯಂಕಾಲ ಡಾಕ್ಟರ್ ಬರುತ್ತಾರೆ ಎಂದು ಒಂದೊಂದು ಮೀನಿಗೂ ಹೇಳಿಕೊಳ್ಳುತ್ತ ನಿಂತಳು.

ಪಾಳಿ ಮುಗಿದಾಗ ಎಲ್ಲರಿಗಿಂತ ಮುಂದೆ ನುಗ್ಗಿದಳು. ಗೇಟಿನ ಪಕ್ಕದ ಕಿರುಬಾಗಿಲಲ್ಲಿ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ನಿಲ್ಲಿಸಿ, ಮೀನು ಕದ್ದಿದ್ದಾರೇನೋ ಎಂದು ಮೈಯೆಲ್ಲ ತಡವಿ ಬಿಡುತ್ತಿದ್ದರು. ತಡವಿಸಿಕೊಂಡು, ಬೀದಿಯುದ್ದ ಓಡಿ ಹಾಸ್ಟೆಲಿಗೆ ಬಂದಳು.

ಮಂಚದ ಮೇಲೆ ಯಾರೋ ಗೋಡೆಯ ಕಡೆ ತಿರುಗಿ ಮಲಗಿದ್ದರು. "ಅತ್ತಿಗೇ," ಎಂದು ಭುಜ ಮುಟ್ಟಿದಳು. ಭುಜ ಬೆಚ್ಚಗಿತ್ತು ಅಷ್ಟೇ, ಸುಡಲಿಲ್ಲ. ಅಬ್ಬಾ, ಜ್ವರ ಬಿಟ್ಟಿತು ಎಂದು ಅವಳಿಗೆ ಅಳುವೇ ಬಂತು. ಮಲಗಿದ್ದವಳು ತಿರುಗಿದಳು. ಅವಳು ಅತ್ತಿಗೆಯಲ್ಲ. ಮಧ್ಯಾಹ್ನದ ಬಸ್ಸಿನಲ್ಲಿ ಬಂದಿಳಿದ ಹೊಸಬಳು.

"ನನ್ನತ್ತಿಗೆ ಎಲ್ಲಿ?"

"ನಂಗೊತ್ತಿಲ್ಲಕ್ಕಾ. ಇದು ಖಾಲಿ ಇದೆ, ಮಲ್ಕೋ ಅಂದ್ರು."

ವಾರ್ಡನ್ನಮ್ಮ ಟೀ ಲೋಟ ಹಿಡಿದುಕೊಂಡೇ ಬಂದಳು. "ಏನು ಗಲಾಟೆ? ಎರಡೂ ಪಾಳಿ ದುಡಿಯೋಳಿಗೆ ಮಂಚ ಯಾತಕ್ಕೆ? ಯಾವಾಗ ಮಲಗ್ತೀಯಾ ನೀನು? ಮೇಸ್ತ್ರಿನೇ ಹೇಳಿದ್ರು, ಹೊಸಬ್ರಿಗೆ ಕೊಡಿ ಅಂತ."

"ಅತ್ತಿಗೆ ಮಲಗಿರ್ಲಿಲ್ವಾ?"

"ಅವಳಿಗೆ ಪಾಳಿನೇ ಇಲ್ವಲ್ಲೇ, ಇನ್ನು ಮಂಚ ಎಲ್ಲಿಂದ ಬರುತ್ತೆ?"

ಅತ್ತಿಗೆ ಹಿಂದುಗಡೆ, ಗಂಬೂಟು ತೊಳೆಯುವ ಜಾಗದಲ್ಲಿದ್ದಳು. ಒದ್ದೆ ಸಿಮೆಂಟಿನ ಮೇಲೆ, ಒಂದು ಗಂಬೂಟನ್ನು ತಲೆದಿಂಬು ಮಾಡಿಕೊಂಡು. ಯಾರೋ ಕಾಲು ತೊಳೆದ ನೀರು ಸೀರೆಯ ಕೆಳಗೆ ಹರಿಯುತ್ತಿತ್ತು. ಪಕ್ಕದಲ್ಲಿ ನಾಲ್ಕು ಮಾತ್ರೆ. ಮೇಸ್ತ್ರಿ ಕಳಿಸಿದ ಡಾಕ್ಟರು ಅದೇ. ನಾದಿನಿ ಕೂಗಿದರೆ ಅತ್ತಿಗೆ ಕಣ್ಣು ತೆರೆದಳು, ಗುರುತು ಹಿಡಿಯಲಿಲ್ಲ.

"ಒಲೆ ಮೇಲೆ ಏನೋ ಉಕ್ತಾ ಇದೆ," ಎಂದಳು. "ಇಳ್ಸೇ."

ನಾದಿನಿ ಅಳಲಿಲ್ಲ. ಅಳುವುದಕ್ಕೂ ಮೈಯಲ್ಲಿ ಶಕ್ತಿ ಇರಬೇಕು. ಅವಳು ನೇರ ಕೋಣೆಗೆ ಬಂದು ಮಂಚದ ಮುಂದೆ ನಿಂತಳು. ಹೊಸಬಳು ಅವಳ ಮುಖ ನೋಡಿ, ಯಾರೂ ಹೇಳದೆಯೇ ಎದ್ದು ನಿಂತಳು. ನಾದಿನಿ ಮಂಚದ ತಲೆಭಾಗ ಎತ್ತಿದಳು. ಒಬ್ಬಳಿಂದ ಆಗಲಿಲ್ಲ. ಪಕ್ಕದ ಮಂಚದಲ್ಲಿ ರಾತ್ರಿ ಪಾಳಿಗೆ ಟೋಪಿ ಹಾಕಿಕೊಳ್ಳುತ್ತಿದ್ದ ಉದ್ದಕ್ಕ, ಹಾಸ್ಟೆಲಿಗೆಲ್ಲ ಎತ್ತರದ ಹೆಂಗಸು, ಟೋಪಿ ಕಿತ್ತು ಬಿಸಾಕಿದಳು.

"ಎಲ್ಲಿಗೇ?"

"ಗೇಟಿಗೆ."

"ಹಿಡೀರೇ," ಎಂದಳು ಉದ್ದಕ್ಕ. ಹೊಸಬಳು ಕಾಲಿನ ಕಡೆ ಹಿಡಿದಳು. ಇನ್ನೂ ಯಾರೋ ಕೈ ಹಾಕಿದರು. ಅತ್ತಿಗೆಯನ್ನು ಮಲಗಿಸಿ, ಒಣ ಹೊದಿಕೆ ಹೊದಿಸಿ ಎತ್ತಿದರು. ವಾರ್ಡನ್ನಮ್ಮ ಬಾಗಿಲಿಗೆ ಅಡ್ಡ ನಿಂತು, "ಕಂಪನಿ ಮಂಚ ಕಣ್ರೇ, ಮುಂಡೇರಾ, ಕಂಪನಿ ಮಂಚ!" ಎಂದು ಬಾಯಿ ಬಡಿದುಕೊಂಡಳು. ಮಂಚದ ಮೂಲೆ ಹೊಟ್ಟೆಗೆ ತಿವಿದಾಗ ತಾನಾಗಿ ದಾರಿ ಬಿಟ್ಟಳು. ಟೀ ಚೆಲ್ಲಿತು.

ಕಿರುಬಾಗಿಲಲ್ಲಿ ಇನ್ನೂ ತಡವುವ ಕೆಲಸ ನಡೆದಿತ್ತು. ಒಳಗೆ ಹಗಲಿನವರ ಸಾಲು, ಹೊರಗೆ ರಾತ್ರಿಯವರ ಸಾಲು. ಮಂಚವನ್ನು ಸರಿಯಾಗಿ ಬಾಗಿಲಿಗೆ ಅಡ್ಡ ಇಳಿಸಿದರು.

"ಏನೇ ಇದು, ಹೆಣ ಹೊತ್ಕೊಂಡು ಬಂದ್ರಾ ಇಲ್ಲಿಗೆ?" ಎಂದು ಗೇಟಿನವನು ಕೋಲು ಎತ್ತಿದ.

"ಇನ್ನೂ ಹೆಣ ಆಗಿಲ್ಲ ಕಣಪ್ಪಾ," ಎಂದಳು ಉದ್ದಕ್ಕ. "ಆಗೋ ಮೊದ್ಲು ನೋಡ್ಕೊಳ್ಳಿ ಅಂತ ತಂದಿದ್ದೀವಿ."

ಮೇಸ್ತ್ರಿ ಓಡೋಡಿ ಬಂದ. "ತಂಗೀ, ಇದೆಲ್ಲಾ ಚೆನ್ನಾಗಿರಲ್ಲ. ಒಳ್ಳೆ ಮಾತಲ್ಲಿ ಹೇಳ್ತಿದ್ದೀನಿ, ಎತ್ತಿಸು."

"ಯಾರೋ ನಿನ್ನ ತಂಗಿ, ಬೋಳಿಮಗನೇ? ಡಾಕ್ಟರ್ ಎಲ್ಲೋ?"

ನಾದಿನಿಯ ಕೂಗಿಗೆ ಇಡೀ ಸಾಲು ಇತ್ತ ತಿರುಗಿತು. ನಾದಿನಿ ಗಂಬೂಟು ಕಳಚಿ ಮಂಚದ ಕೆಳಗೆ ಜೋಡಿಸಿಟ್ಟಳು, ಮನೆಯಲ್ಲಿ ಮಲಗುವವರ ಹಾಗೆ. "ಡಾಕ್ಟರ್ ಬರೋ ತನಕ ಈ ಮಂಚ ಏಳಲ್ಲ. ಯಾವ ಪಾಳಿಗೆ ಯಾರು ಹೋಗ್ತಾರೋ ನೋಡ್ತೀನಿ. ದಾಟೋದಿದ್ರೆ ನಮ್ಮಿಬ್ರ ಮೇಲೆ ಕಾಲಿಟ್ಟು ದಾಟಿ," ಎಂದು ಅತ್ತಿಗೆಯ ಪಕ್ಕ ಮಲಗಿದಳು. ಈ ಶಹರಕ್ಕೆ ಬಂದ ಮೇಲೆ ಇಬ್ಬರೂ ಒಟ್ಟಿಗೆ ಮಲಗಿದ್ದು ಇದೇ ಮೊದಲು. ಒಬ್ಬರಿಗೆ ಮಾಡಿದ ಮಂಚ, ಜಾಗ ಸಾಲಲಿಲ್ಲ.

ಅತ್ತಿಗೆಯ ತುಟಿ ಅಲ್ಲಾಡಿತು. "ಆಚೆ ಸರ್ಕೊಳ್ಳೇ... ಇರೋ ಜಾಗ ಎಲ್ಲಾ ನಿಂಗೇ ಬೇಕು."

ನಾದಿನಿಗೆ ನಗು ಬಂತು, ನಗುವಿನ ಜೊತೆ ಕಣ್ಣೀರೂ ಬಂತು. "ಬೈಯತ್ತಿಗೆ. ಇನ್ನೂ ಬೈ. ನಿಲ್ಲಿಸ್ಬೇಡ."

ಸೈರನ್ ಕೂಗಿತು. ಒಳಗಿನವರು ಒಳಗೆ, ಹೊರಗಿನವರು ಹೊರಗೆ ನಿಂತೇ ಇದ್ದರು. ಒಬ್ಬಳು ಮಾಸ್ಕು ಇಳಿಸಿದಳು, ಆಮೇಲೆ ಇನ್ನೊಬ್ಬಳು. ಮಂಚದ ಆಚೆಯಿಂದ ಯಾರೋ "ಅಕ್ಕಾ, ಎಷ್ಟು ಸೊರಗಿದ್ದೀಯೇ!" ಎಂದು ಕೂಗಿದರು. ಈಚೆಯಿಂದ ಒಬ್ಬಳು ತಾಯಿಯ ಮುಖ ಕಂಡು ಬಿಕ್ಕಿ ಬಿಕ್ಕಿ ಅತ್ತಳು. ಮೇಸ್ತ್ರಿ ಫೋನಿನಲ್ಲಿ ಯಾರನ್ನೋ ಕರೆಯುತ್ತಿದ್ದ. ಡಾಕ್ಟರನ್ನಲ್ಲ ಎಂಬುದು ಅವನ ದನಿಯಲ್ಲೇ ಗೊತ್ತಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಬೀದಿಯ ಕೊನೆಯಲ್ಲಿ ಪೊಲೀಸ್ ಜೀಪೊಂದು ಬಂದು ನಿಂತು, ಬೂಟುಗಾಲಿನವರು ಇಳಿದರು. ಉದ್ದಕ್ಕ ಮಂಚದ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೆಲದ ಮೇಲೆ ಕೂತಳು. ಹೊಸಬಳು ಇನ್ನೊಂದು ಕಾಲು ಹಿಡಿದು ಕೂತಳು.

ಅತ್ತಿಗೆ ಮತ್ತೆ ಬೈಯಲಿಲ್ಲ. ಮೈ ಮಾತ್ರ ಸುಡುತ್ತಲೇ ಇತ್ತು. ಸುಡಲಿ, ಎಷ್ಟು ಬೇಕಾದರೂ ಸುಡಲಿ, ತಣ್ಣಗಾಗದಿದ್ದರೆ ಸಾಕು ಎಂದು ನಾದಿನಿ ಅವಳನ್ನು ಗಟ್ಟಿಯಾಗಿ ತಬ್ಬಿಕೊಂಡಳು. ಬೂಟಿನ ಸದ್ದು ಹತ್ತಿರ ಬರುತ್ತಿತ್ತು.